ಭಾವ ವೇಗ ಏರಿಸುವ ರೀತಿ

ನಮ್ಮ ಭಾವ ಕಂಪ್ಯೂಟರಿನ ಪ್ರೊಸೆಸರ್ ವೇಗ ಹೆಚ್ಚಿಸುವುದನ್ನು ಹೊಸದಾಗಿ ಕಲಿಯುತ್ತಿದ್ದಾರೆ. ಅವರನ್ನು ಕಂಡರೆ ಆಮೆಗೂ ಆಕಳಿಕೆ ಬರಬೇಕು. ವೇಗವನ್ನು ಕೂದಲೆಳೆಯಷ್ಟು ಏರಿಸುತ್ತಾರೆ, ಆಮೇಲೆ ಕಂಪ್ಯೂಟರಿಗೆ ಭಾರಿ ಕೆಲಸ ಕೊಟ್ಟು, ಒಲೆಯ ಮೇಲಿನ ಹಾಲಿನ ಮುಂದೆ ಕೂತವರಂತೆ ಪರದೆಯ ಮೇಲಿನ ಉಷ್ಣಾಂಶದಿಂದ ಕಣ್ಣು ಕೀಳುವುದಿಲ್ಲ. ಬಿಸಿ ಜಾಸ್ತಿಯಾದರೆ ಒಂದು ಹೆಜ್ಜೆ ಹಿಂದಕ್ಕೆ. ಇನ್ನಷ್ಟು ವೇಗಕ್ಕೆಂದು ವೋಲ್ಟೇಜ್ ಹೆಚ್ಚಿಸುವ ತಂಟೆಗಂತೂ ಹೋಗುವುದೇ ಇಲ್ಲ. "ಏರ್ಸೋದು ದೊಡ್ಡದಲ್ಲ ಕಣಯ್ಯಾ, ಏರಿದ್ಮೇಲೆ ಉಸಿರಾಡೋಕೆ ಬಿಡ್ಬೇಕು," ಎನ್ನುತ್ತಾರೆ. "ನನಗೆ ಜ್ವರ ಬಂದಾಗ ಒಂದ್ಸಲಾನಾದ್ರೂ ಹಣೆ ಮುಟ್ಟಿ ನೋಡಿದ್ರಾ?" ಎಂದು ಅಕ್ಕ ಗೊಣಗುತ್ತಾಳೆ. ಹೋದ ವರ್ಷ ಹೃದಯದ ಆಪರೇಷನ್ ಆಗಿ ಬಂದ ಭಾವನನ್ನು ಅವಳು ಮಹಡಿ ಹತ್ತಿಸಿದ್ದೂ ಹೀಗೆಯೇ: ಒಂದು ಮೆಟ್ಟಿಲು ಏರಿಸಿ, ಅವರ ಎದೆಯ ಮೇಲೆ ಅಂಗೈಯಿಟ್ಟು, "ಏರಿದ್ದು ಸಾಕು, ಉಸಿರಾಡ್ಕೊಳ್ಳಿ," ಎನ್ನುತ್ತಿದ್ದಳು.