ಹಚ್ಚದ ಕಂದೀಲು

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಕಂದೀಲೊಂದು ಕೈಗೆ ಸಿಕ್ಕಿತು. ಕೆಳಗಿಳಿಸಿ, ಧೂಳು ಒರೆಸಿ, ಮೂಸಿ ನೋಡಿದೆ. ಚಿಮಣಿ ಎಣ್ಣೆಯ ವಾಸನೆ ಇರಲಿಲ್ಲ. ನೀವು ನನ್ನ ವಯಸ್ಸಿನವರಾದರೆ ಇದರಲ್ಲಿರುವ ವಿಚಿತ್ರ ನಿಮಗೆ ತಿಳಿದೀತು. ಕಂದೀಲನ್ನು ಎಷ್ಟು ತಿಕ್ಕಿ ತೊಳೆದರೂ, ಎಷ್ಟು ವರ್ಷ ಮೂಲೆಗಿಟ್ಟರೂ ಆ ವಾಸನೆ ಬಿಡುವುದಿಲ್ಲ. ಇದಕ್ಕೆ ಮಾತ್ರ ಬರೀ ತಗಡಿನ ವಾಸನೆ. ಬತ್ತಿ ಅಂಗಡಿಯಿಂದ ತಂದ ದಿನದಷ್ಟೇ ಬೆಳ್ಳಗಿದೆ.

"ಕೆಟ್ಟೈತೇನ್ರಿ ಅತ್ತಿ ಅದು?" ಎಂದು ನಿಚ್ಚಣಿಕೆ ಹಿಡಿದು ನಿಂತಿದ್ದ ಸೊಸೆ ಕೇಳಿದಳು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ಮಾತು ಬಹಳ ಕಡಿಮೆ. ನಾನು ಹತ್ತು ಮಾತಾಡಿದರೆ ಅವಳದು ಒಂದು 'ಹೂಂ'. ಅಂಥವಳು ತಾನಾಗಿ ಬಾಯಿ ಬಿಟ್ಟಿದ್ದಾಳೆಂದು ನಾನು ಪೊರಕೆ ಬದಿಗಿಟ್ಟು ಅಲ್ಲೇ ಕುಳಿತುಬಿಟ್ಟೆ.

"ಕೆಟ್ಟಿಲ್ಲವಾ. ಒಮ್ಮಿನೂ ಹಚ್ಚಿಲ್ಲ. ಇದನ್ನ ಹಿಡಕೊಂಡ ನಾವು ಇಲೆಕ್ಷನ್ ಗೆದ್ದೀವಿ."

ಅವಳು ನನ್ನ ತಲೆಯ ಕಡೆ ನೋಡಿದಳು. ಅಟ್ಟದ ತೊಲೆ ಬಡಿಯಿತೇನೋ ಎಂದುಕೊಂಡಿರಬೇಕು.

ತೊಂಬತ್ತರ ದಶಕದ ಮಾತು. ಊರ ಹೆಸರು ಹೇಳುವುದಿಲ್ಲ. ಸದಲಗಾದಿಂದ ದೂರವಿಲ್ಲ, ಚಿಕ್ಕೋಡಿಗೂ ನಿಪ್ಪಾಣಿಗೂ ಬಸ್ಸು ಇದೆ, ಇಷ್ಟು ಸಾಕು. ಆಗ ಸೋತವರು ಇನ್ನೂ ಇದ್ದಾರೆ, ಎದುರಿಗೆ ಸಿಕ್ಕರೆ ಕರೆದು ಚಹಾ ಕುಡಿಸುತ್ತಾರೆ, ಆ ಚಹಾ ನಾನು ಕಳೆದುಕೊಳ್ಳಲಾರೆ.

ನಮ್ಮ ಗಲ್ಲಿಯ ಕೊನೆಗೆ ಬಸ್ತಿ, ಅಂದರೆ ನಮ್ಮ ಜಿನಮಂದಿರ, ಬಸ್ತಿಯ ಹಿಂದೆ ಒಂದು ಕಲ್ಲಿನ ಬಾವಿ. ಬಾವಿಯ ಈಚೆ ನಾವು ಜೈನರು, ಆಚೆ ಕುರಿ ಎಮ್ಮೆ ಸಾಕುವವರ ಓಣಿ. ನಮಗೆ ಅಡುಗೆಗೆ, ಪೂಜೆಗೆ ಅದೇ ನೀರು. ಅವರ ದನಗಳಿಗೆ ಬಾವಿಯ ಪಕ್ಕದ, ನೀರು ತುಂಬಿಡುವ ಕಲ್ಲಿನ ದೋಣಿಯೇ ಆಧಾರ. ಊರಿಗೆ ನಳ ಬಂದ ಮೇಲೆ ಪುರಸಭೆಯಲ್ಲಿ ಕೆಲವರಿಗೆ ಬಾವಿ ಕಣ್ಣಿಗೆ ಚುಚ್ಚತೊಡಗಿತು. ಅದನ್ನು ಮುಚ್ಚಿ, ಮೇಲೆ ಅಂಗಡಿ ಸಾಲು ಕಟ್ಟಬೇಕೆಂದು ಮಾತೆದ್ದಿತು. ನಮ್ಮ ವಾರ್ಡಿನಿಂದ ಯಾರು ಆರಿಸಿ ಬರುತ್ತಾರೋ ಅವರ ಮೇಲೆ ಬಾವಿಯ ಹಣೆಬರಹ ನಿಂತಿತ್ತು.

ಚಾತುರ್ಮಾಸಕ್ಕೆ ಬರುವ ಮುನಿಗಳ ಆಹಾರಕ್ಕೆ ನಳದ ನೀರು ನಡೆಯುವುದಿಲ್ಲ, ಬಾವಿಯದೇ ಆಗಬೇಕು. ಬಾವಿ ಹೋದರೆ ಮುನಿಗಳು ನಮ್ಮ ಗಲ್ಲಿಯಲ್ಲಿ ನಿಲ್ಲುವಂತಿಲ್ಲ. ನನ್ನ ಅತ್ತೆ ರಾಜಮತಿಬಾಯಿ, ಊರಿಗೆಲ್ಲ ರಾಜವ್ವ ಕಾಕು, ಈ ಸುದ್ದಿ ಕೇಳಿದ ದಿನ ಸರಿಯಾಗಿ ಊಟ ಮಾಡಲಿಲ್ಲ. "ಬೇಡಕಿಹಾಳದಿಂದ ಮದುವಿ ಆಗಿ ಬಂದ ದಿನ ನಮ್ಮತ್ತಿ ನನ್ನ ದೇವರ ಮನಿಗಿಂತ ಮೊದಲ ಆ ಬಾವಿಗೆ ಕರಕೊಂಡ ಹೋಗಿದ್ರು" ಎಂದಷ್ಟೇ ಹೇಳಿದರು.

ವಾರ್ಡು ಹೆಂಗಸರಿಗೆ ಮೀಸಲಾಯಿತು. ಗಲ್ಲಿಯ ಗಂಡಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿ ಅತ್ತೆಯನ್ನು ನಿಲ್ಲಿಸುವುದೆಂದು ತೀರ್ಮಾನಿಸಿದರು. "ಕಾಕು, ನೀವು ಸಹಿ ಒಂದ ಮಾಡ್ರಿ. ಉಳದದ್ದ ನಾವು ನೋಡ್ಕೋತೀವಿ" ಎಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿಂದರತೀನಿ. ಆದರ ಮನಿಮನಿಗೆ ನಾನ ಹೋಗಾಕಿ. ಜೋಡಿ ಸೊಸಿ ಬರ್ತಾಳ" ಎಂದು ಹೇಳಿ ಒಳಗೆ ಹೋದರು. ನನ್ನನ್ನು ಯಾರೂ ಕೇಳಲಿಲ್ಲ. ತವರು ಜುಗೂಳದಿಂದ ಈ ಊರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ನಾನು ಕಂಡದ್ದು ಮನೆ, ಬಸ್ತಿ, ಬಾವಿ, ಬಸ್‌ ಸ್ಟ್ಯಾಂಡು. ಮಾತು ಬೇಕಾದಷ್ಟಿತ್ತು, ಆಡಲು ಜನ ಇರಲಿಲ್ಲ. ಪಾಪ, ನಮ್ಮ ಮನೆಯವರೊಬ್ಬರೇ ಕೇಳಬೇಕಾಗಿತ್ತು.

ಗುರುತಿನ ವಿಷಯದಲ್ಲೇ ಮೊದಲ ಪೆಟ್ಟು ಬಿತ್ತು. ಬಾವಿಗಾಗಿ ನಿಂತವರಿಗೆ ಬಕೀಟಿನ ಗುರುತು ಸಿಕ್ಕರೆ ಎಷ್ಟು ಚೆಂದ ಎಂದು ನಾವೆಲ್ಲ ಕನಸು ಕಂಡಿದ್ದೆವು. ಚೀಟಿ ಎತ್ತಿದಾಗ ಬಕೀಟು ಬಾವಿ ಮುಚ್ಚಬೇಕೆನ್ನುವವರ ಪಾಲಾಯಿತು. ನಮಗೆ ಕಂದೀಲು. ಇರಲಿ, ಅದೂ ಚಲೋ ಎಂದು ಗಂಡಸರು ಕಂದೀಲುಗಳನ್ನು ತಂದು ಪಡಸಾಲೆ ತುಂಬ ಸಾಲಾಗಿ ಇಟ್ಟರು. ಸಂಜೆ ಎಲ್ಲವನ್ನೂ ಹಚ್ಚಿಕೊಂಡು ಮೆರವಣಿಗೆ ಹೊರಡುವುದೆಂದು ನಿಶ್ಚಯವಾಯಿತು.

"ಹಚ್ಚಬ್ಯಾಡ್ರಿ" ಎಂದರು ಅತ್ತೆ. "ಹೊರಗ ದೀಪ ಹಿಡಕೊಂಡ ತಿರಗಿದ್ರ ಹುಳ ಬಂದ ಬಿದ್ದ ಸಾಯ್ತಾವ. ನನ್ನ ಓಟಿಗೆ ಅವ್ಯಾಕ ಸಾಯಬೇಕು?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಜೈನರ ಮನೆಯವರೇ ಎಲ್ಲ. ತಂದ ಬೆಂಕಿಪೆಟ್ಟಿಗೆಗಳನ್ನು ಕಿಸೆಗೆ ಸೇರಿಸಿದರು. ಅತ್ತೆ ಇನ್ನೂ ಒಂದು ಸೇರಿಸಿದರು. ಹೊತ್ತು ಮುಳುಗುವ ಮುಂಚೆ ಅವರ ಊಟವಾಗಬೇಕು, ಆಮೇಲೆ ಹೊರಗೆ ಬರುವುದಿಲ್ಲ. ಅಂದರೆ ನಮ್ಮ ಪ್ರಚಾರವೆಲ್ಲ ಹಗಲಿನಲ್ಲಿ. ಯಾವ ಊರಲ್ಲಾದರೂ ಓಟು ಕೇಳುವವರು ಗಂಡಸರು ಹೊಲದಿಂದ ಮರಳುವ ಹೊತ್ತಿಗೆ ಹೊರಡುತ್ತಾರೆ. ನಾವು ಅವರು ಹೊಲಕ್ಕೆ ಹೋದ ಮೇಲೆ ಹೊರಡುವವರಾದೆವು, ಅದೂ ಸುಡುವ ಬಿಸಿಲಲ್ಲಿ ಹಚ್ಚದ ಕಂದೀಲು ಹಿಡಿದು. ಮೊದಲ ದಿನವೇ ಚಹಾದಂಗಡಿಯಿಂದ ಒಬ್ಬರು, "ಏನ್ ಕಳದೈತ್ರಿ ಕಾಕು, ಹಗಲೊತ್ತ ಕಂದೀಲ ತಗೊಂಡ ಹುಡುಕಾಕತ್ತೀರಿ?" ಎಂದರು. ಸಂಜೆಯ ಹೊತ್ತಿಗೆ ಈ ಮಾತು ಇಡೀ ವಾರ್ಡು ಸುತ್ತಿ ಬಂದಿತ್ತು. ನಮ್ಮ ಮನೆಯವರು ಅಂದು ಕ್ಷೌರಕ್ಕೆ ಹೋದವರು ಅರ್ಧಕ್ಕೇ ಎದ್ದು ಬಂದರು.

ಅವರೇ ನನಗೊಂದು ಭಾಷಣ ಬರೆದುಕೊಟ್ಟಿದ್ದರು. 'ಸನ್ಮಾನ್ಯ ಮತದಾರ ಬಾಂಧವರೇ' ಎಂದು ಶುರುವಾಗುತ್ತಿತ್ತು. ಮೊದಲ ಮನೆಯಲ್ಲಿ ಇದ್ದದ್ದು ಹುಣಸೆಹಣ್ಣಿನ ಬೀಜ ತೆಗೆಯುತ್ತ ಕುಳಿತ ಒಬ್ಬ ಮರಾಠಿ ಅಜ್ಜಿ, ಆಮೇಲೆ ಒಂದು ಎಮ್ಮೆ. ನಾನು ಎದೆಯುಬ್ಬಿಸಿ ಭಾಷಣವನ್ನು ಕೊನೆಯವರೆಗೂ ಒಪ್ಪಿಸಿದೆ. ಅಜ್ಜಿ ಪೂರ್ತಿ ಕೇಳಿ, "ಬಸಾ ಬಾಯಿ, ಬಸಾ" ಎಂದು ಕೂರಲು ಹೇಳಿ ಹುಣಸೆಹಣ್ಣಿನ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. ಅತ್ತೆ ಆಗಲೇ ಕುಳಿತು ಬೀಜ ತೆಗೆಯುತ್ತಿದ್ದರು. ಅರ್ಧ ಬುಟ್ಟಿ ಮುಗಿಯುವ ಹೊತ್ತಿಗೆ ನನ್ನ ತವರು, ತವರಿನವರ ತವರು, ಕೃಷ್ಣೆಗೆ ಮಹಾಪೂರ ಬಂದಾಗ ನಮ್ಮವರು ಎಲ್ಲಿದ್ದರು, ಎಲ್ಲ ಮಾತೂ ಆಗಿತ್ತು. ಓಟಿನ ಮಾತು ಮಾತ್ರ ಬರಲೇ ಇಲ್ಲ. ನನಗೆ ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು.

ಏಳುವಾಗ ಅಜ್ಜಿ ನೀರು ತಂದಳು. ಇದಕ್ಕೇ ನಾನು ಹೆದರಿದ್ದೆ. ಅತ್ತೆಗೆ ಅರಿವೆಯಲ್ಲಿ ಸೋಸಿ ಗಾಳಿಸದ ನೀರು ಕುಡಿಯುವುದಿಲ್ಲವೆಂಬ ನೇಮ. ಬಾಗಿಲಿಗೆ ಬಂದು, ಕೊಟ್ಟ ನೀರು ಬೇಡ ಎಂದರೆ ಯಾರು ಓಟು ಕೊಟ್ಟಾರು? ಅತ್ತೆ ಸೊಂಟದಿಂದ ಬಿಳಿ ಅರಿವೆಯೊಂದನ್ನು ತೆಗೆದರು. "ಬಾವೀ ನೀರ ಹೌದಲ್ರಿ?" ಎಂದು ಕೇಳಿ, ಅರಿವೆಯನ್ನು ಮಡಿಸಿ ತಂಬಿಗೆಯ ಬಾಯಿಗೆ ಹಿಡಿದು, ಗಾಳಿಸಿ, ಒಂದು ಗುಟುಕು ಕುಡಿದರು. ಹೊರಗೆ ಬಂದ ಮೇಲೆ ನಾನು ಪಕ್ಕದ ಮನೆಯ ಕಡೆ ಹೆಜ್ಜೆ ಹಾಕಿದೆ. ಅತ್ತೆ ಬಾವಿಯ ಕಡೆ ತಿರುಗಿದರು.

ನಿಮಗೆ ಇದು ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನೀರು ಗಾಳಿಸಿದರೆ ಸಾಲದು. ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ನೀರಿಗೇ ತಿರುಗಿ ಮುಟ್ಟಿಸಬೇಕು. ಗಾಳಿಸಿದ ನೀರನ್ನೇ ಒಂದು ಸಣ್ಣ ಗಡಿಗೆಗೆ ಹಾಕಿ, ಅರಿವೆಯನ್ನು ಅದರಲ್ಲಿ ಅದ್ದಿ, ಆ ಗಡಿಗೆಯನ್ನು ಹಗ್ಗದಿಂದ ಇಳಿಸಿ, ಬಾವಿಯ ನೀರಿಗೆ ತಾಗಿದ ಮೇಲೆ ಮೆಲ್ಲಗೆ ಓರೆ ಮಾಡಬೇಕು. ಮೇಲಿಂದ ಸುರಿಯುವಂತಿಲ್ಲ, ಬಿದ್ದ ಪೆಟ್ಟಿಗೆ ಸತ್ತಾವು. "ಅತ್ತಿ, ಓಟ ಕೇಳೂಣೋ, ಹುಳ ಬಿಡೂಣೋ?" ಎಂದೆ ನಾನು, ತಡೆಯಲಾರದೆ. "ಎರಡೂ" ಎಂದರು.

ಹೀಗಾಗಿ ನಾಲ್ಕು ಮನೆ ಹೋಗುವುದು, ಬಾವಿಗೆ ಬರುವುದು, ಮತ್ತೆ ನಾಲ್ಕು ಮನೆ, ಮತ್ತೆ ಬಾವಿ. ಗಾಣದೆತ್ತಿನಂತೆ ಸುತ್ತಿದೆವು. ಎದುರಿನವರ ಜೀಪು ಬಕೀಟು ಕಟ್ಟಿಕೊಂಡು ಮೈಕಿನಲ್ಲಿ ಕೂಗುತ್ತ ಇಡೀ ವಾರ್ಡನ್ನು ದಿನಕ್ಕೆರಡು ಸಲ ಸುತ್ತಿ ಮುಗಿಸುತ್ತಿತ್ತು. ಮಾತು ಅರ್ಧಕ್ಕೆ ಬಿಡಲಾರದ ಹೆಂಗಸರು ನಮ್ಮ ಜೊತೆ ಬಾವಿಯವರೆಗೂ ಬರತೊಡಗಿದರು. ಮೊದಲು ಒಬ್ಬಿಬ್ಬರು. ಆಮೇಲೆ ಕಂಕುಳಲ್ಲಿ ಕೂಸು ಎತ್ತಿಕೊಂಡವರು, ಅರ್ಧ ಬಿಡಿಸಿದ ಬಟಾಣಿಯನ್ನು ಉಡಿಯಲ್ಲಿ ಹಾಕಿಕೊಂಡವರು. ಬಾವಿಕಟ್ಟೆಯ ಮೇಲೆ ಕುಳಿತು, ಅತ್ತೆ ಗಡಿಗೆ ಇಳಿಸುವುದನ್ನು ಬಗ್ಗಿ ನೋಡುವರು. ಭಾಷಣದ ಹಾಳೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಕಟ್ಟೆಯ ಮೇಲೆ ನಾನು ಆಡಿದಷ್ಟು ಮಾತು ಜನ್ಮದಲ್ಲಿ ಆಡಿರಲಿಲ್ಲ.

ಕುರಿಯವರ ಓಣಿಗೆ ಹೋಗಬೇಡಿ ಎಂದು ಗಂಡಸರು ಹೇಳಿದ್ದರು. ಅಲ್ಲಿ ಅತ್ತೆ ನೀರು ಮುಟ್ಟುವುದಿಲ್ಲ, ಅವರಿಗೆ ಅವಮಾನವಾಗುತ್ತದೆ, ಹೋಗದಿದ್ದರೇ ಚಲೋ ಎಂಬುದು ಅವರ ಲೆಕ್ಕ. ಹೇಳಬೇಕೆಂದರೆ ನನ್ನ ಲೆಕ್ಕವೂ ಅದೇ ಆಗಿತ್ತು. ಅತ್ತೆ ಅಲ್ಲಿಗೂ ಹೊರಟರು. ಮೊದಲ ಮನೆ ಯಲ್ಲವ್ವನದು. ಅವಳೂ ಅತ್ತೆಯೂ ದಿನಾ ಬಾವಿಯಲ್ಲಿ ಭೇಟಿಯಾಗುವವರು, ಒಬ್ಬರ ಹೊಸ್ತಿಲು ಒಬ್ಬರು ದಾಟಿರಲಿಲ್ಲ. ಯಲ್ಲವ್ವ ಕಂಬಳಿ ಹಾಸಿದಳು, ಬಾಯಿ ತುಂಬ ಮಾತಾಡಿಸಿದಳು, ನೀರು ಮಾತ್ರ ತರಲಿಲ್ಲ. ಬಿಸಿಲಿಗೆ ನನ್ನ ಗಂಟಲು ಒಣಗಿ ಹೋಗಿತ್ತು. ಕೊನೆಗೆ ಅತ್ತೆಯೇ, "ಯಲ್ಲವ್ವಾ, ನೀರ ಕುಡಿಸಂಗಿಲ್ಲೇನ?" ಎಂದರು.

ಯಲ್ಲವ್ವ ಒಳಗಿನ ಕೊಡದ ಕಡೆ ನೋಡಿದಳು. "ನಮ್ಮನಿ ನೀರ ನಿಮಗ ನಡಿತೈತೇನ್ರಿ ಕಾಕು?"

ಆ ಒಂದು ಗಳಿಗೆಯಲ್ಲಿ ಅತ್ತೆ ತಮ್ಮ ಅತ್ತೆಯನ್ನು, ತವರನ್ನು, ಬಸ್ತಿಯ ಹಿರಿಯರನ್ನು ಎಲ್ಲರನ್ನೂ ನೆನೆದಿರಬೇಕು. ಆಮೇಲೆ ಸೊಂಟದ ಅರಿವೆ ತೆಗೆದರು. "ಬಾವಿ ಒಂದ ಐತೆವ್ವ. ಎಲ್ಲಾರ ಮನ್ಯಾಗೂ ಗಾಳಿಸಿ ಕುಡದೀನಿ, ನಿನ್ನ ಮನ್ಯಾಗೂ ಗಾಳಿಸಿ ಕುಡಿತೀನಿ."

ಯಲ್ಲವ್ವ ತಂಬಿಗೆ ತಂದಳು. ಅತ್ತೆ ಅರಿವೆ ಹಿಡಿದರು, ಅವಳು ಮೇಲಿಂದ ನೀರು ಬಿಟ್ಟಳು. ಸ್ವಲ್ಪ ನೀರು ನೆಲಕ್ಕೂ ಬಿತ್ತು. ಅತ್ತೆ ಒಂದು ಗುಟುಕಲ್ಲ, ತಂಬಿಗೆ ಪೂರ್ತಿ ಕುಡಿದರು. ನನಗೆ ಅಳು ಬಂತು. ಯಾಕೆಂದು ಆಗ ತಿಳಿಯಲಿಲ್ಲ, ಸೆರಗಿನಿಂದ ಬೆವರು ಒರೆಸಿಕೊಂಡಂತೆ ಮಾಡಿದೆ. ಬಾವಿಗೆ ಹೊರಟಾಗ ಯಲ್ಲವ್ವ ಅರಿವೆಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದೆ ನಡೆದಳು. ಹಿಂದೆ ಕಂದೀಲು ಹಿಡಿದು ನಾನು. ಓಣಿಯ ಹೆಂಗಸರೆಲ್ಲ ಹೊರಗೆ ಬಂದರು. ಮೆರವಣಿಗೆ ಮೆರವಣಿಗೆ ಎಂದು ಗಂಡಸರು ಹಂಬಲಿಸಿದ್ದರಲ್ಲ, ಅದು ಆಯಿತು. ಆದರೆ ನೋಡಲು ಅವರು ಊರಲ್ಲಿರಲಿಲ್ಲ.

ಎಣಿಕೆಯ ದಿನ ನಮ್ಮ ಮನೆಯವರು ಸೋಲಿಗೆ ಸಿದ್ಧರಾಗಿ, ಎರಡು ದಿನ ಮಾವನ ಮನೆಗೆ, ಅಂದರೆ ನನ್ನ ತವರಿಗೆ, ಹೋಗಿಬಿಡೋಣವೆಂದು ಚೀಲ ತುಂಬಿದ್ದರು. ಅತ್ತೆ ಗೆದ್ದರು. ಹೇಗೆ ಗೆದ್ದೆವೆಂದು ಗಂಡಸರು ಚಹಾದಂಗಡಿಯಲ್ಲಿ ಬಹಳ ದಿನ ಚರ್ಚೆ ಮಾಡಿದರು. ಮನೆಯಲ್ಲಿ ಹೆಂಡತಿಯನ್ನು ಕೇಳಿದ್ದರೆ ಬೇಗ ತಿಳಿಯುತ್ತಿತ್ತು. ಬಾವಿ ಉಳಿಯಿತು, ಸುತ್ತಲೂ ಕಬ್ಬಿಣದ ಕಟಕಟೆ ಬಂತು. ಅವಧಿ ಮುಗಿದ ಮೇಲೆ, ಮತ್ತೆ ನಿಲ್ಲಿರೆಂದು ಜನ ಬಂದಾಗ ಅತ್ತೆ, "ಕೆಲಸ ಮುಗದೈತ್ರಿ" ಎಂದು ಕೈ ಮುಗಿದರು. ಕಂದೀಲು ಅಟ್ಟಕ್ಕೆ ಹೋಯಿತು.

ಅತ್ತೆ ಹೋಗಿ ಬಹಳ ವರ್ಷವಾಯಿತು. ಊರಿನಲ್ಲಿ ಇಂದು ಯಾವ ಮನೆಗೆ ಹೋದರೂ ನನಗೆ ಹಿತ್ತಿಲ ಬಾಗಿಲಿನವರೆಗೂ ದಾರಿ ಗೊತ್ತು. ಹೆರಿಗೆ, ಜಗಳ, ಮದುವೆ, ಯಾವುದಕ್ಕೂ ನನ್ನನ್ನು ಕರೆಯುತ್ತಾರೆ. ಇದನ್ನೆಲ್ಲ ಕೊಟ್ಟವರು ಅವರು. ಇದ್ದಾಗ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ಈಗ ಹೇಳುತ್ತೇನೆ: ಅತ್ತೀ, ನಿಮ್ಮಿಂದ ನನಗೆ ಊರು ಸಿಕ್ಕಿತು.

ಇಷ್ಟು ಕಥೆ ಹೇಳಿ ಮುಗಿಸಿದಾಗ ಸೊಸೆ ಕೇಳಿದಳು, "ಆ ಬಾವಿ ಎಲ್ಲೈತ್ರಿ?"

ಮನೆಯಲ್ಲಿ ಈಗ ನೀರು ಶುದ್ಧ ಮಾಡುವ ಯಂತ್ರ ಗೋಡೆಗೆ ತೂಗುತ್ತದೆ. ಹೊಸ ಸೊಸೆಯನ್ನು ಬಾವಿಗೆ ಕರೆದುಕೊಂಡು ಹೋಗಬೇಕೆಂಬುದು ಮದುವೆಯ ಗದ್ದಲದಲ್ಲಿ ಯಾರಿಗೂ ನೆನಪಾಗಿರಲಿಲ್ಲ. "ನಡಿ" ಎಂದೆ. ಅವಳು ಕಂದೀಲನ್ನೂ ಎತ್ತಿಕೊಂಡಳು. ಬೇಡ ಎನ್ನಲು ಮನಸ್ಸಾಗಲಿಲ್ಲ.

ದಾರಿಯಲ್ಲಿ ಯಲ್ಲವ್ವನ ಮನೆ ಹೊಕ್ಕೆವು. ಅವಳಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕಂದೀಲಿನ ಹಿಡಿಕೆ ಕಿರುಗುಟ್ಟಿದ್ದನ್ನು ಕೇಳಿ, "ಯಾರವಾ, ಓಟ ಕೇಳಾಕ ಬಂದೀರೇನ?" ಎಂದು ನಕ್ಕಳು. ಗೋಡೆ ಹಿಡಿದು ಹೋಗಿ ನೀರು ತಂದಳು, ಗೂಟಕ್ಕೆ ತೂಗಹಾಕಿದ್ದ ಬಿಳಿ ಅರಿವೆಯನ್ನೂ ತಂದಳು. ಒಗೆದು ಮಡಿಸಿಟ್ಟದ್ದು. ಯಾರಿಗಾಗಿ ಇಟ್ಟಿದ್ದಳೋ ನಾನು ಕೇಳಲಿಲ್ಲ. ನಾವಿಬ್ಬರೂ ಗಾಳಿಸಿ ಕುಡಿದೆವು. ಬಾವಿಯವರೆಗೆ ನಡೆಯಲು ತನ್ನಿಂದಾಗುವುದಿಲ್ಲವೆಂದು ಯಲ್ಲವ್ವ ಹಸಿ ಅರಿವೆಯನ್ನೂ ಹಗ್ಗ ಕಟ್ಟಿದ ಸಣ್ಣ ಗಡಿಗೆಯನ್ನೂ ಸೊಸೆಯ ಕೈಗೆ ಕೊಟ್ಟು, "ಮ್ಯಾಲಿಂದ ಸುರೂಬ್ಯಾಡವಾ, ಮೆಲ್ಲಕ ಇಳಸು" ಎಂದಳು.

ಸೊಸೆ ಕಂದೀಲನ್ನು ಕಟ್ಟೆಯ ಮೇಲಿಟ್ಟು, ಕಟಕಟೆಯ ಬಾಗಿಲು ತೆರೆದು ಬಗ್ಗಿದಳು. ಹಗ್ಗ ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋದಳು. ನಾನು ಹಿಂದೆ ನಿಂತು ಉಸಿರು ಹಿಡಿದುಕೊಂಡಿದ್ದೆ. ಕೆಳಗೆ ಗಡಿಗೆ ತಾಗಿದ ಸದ್ದಾಯಿತು. ಬಾವಿಯಲ್ಲಿ ನೀರಿತ್ತು.