ಐದು ತಂತಿಯ ಗಿಟಾರ್

ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಗಿಟಾರಿನ ಶ್ರುತಿ ಮಾಡುವಾಗ ಒಂದು ತಂತಿ ಟಣ್ಣೆಂದು ಹರಿಯಿತು. ಸಂಜೆ ರಾಣೆಬೆನ್ನೂರಿನಲ್ಲಿ ಗೆಳೆಯನ ಆರತಕ್ಷತೆಗೆ ನಾನು ನುಡಿಸಬೇಕಿತ್ತು. ಬೇರೆ ತಂತಿ ತಂದಿರಲಿಲ್ಲ.

ಪಕ್ಕದಲ್ಲಿ ಏಕತಾರಿ ಹಿಡಿದು ಕೂತಿದ್ದವರು ಕಾಗಿನೆಲೆಯ ಗಂಗವ್ವ, ಭಜನೆ ಹಾಡುವವರು.

"ಯಾಕ ತಮ್ಮಾ, ಮಾರಿ ಸಣ್ಣ ಮಾಡೀದಿ? ಇನ್ನೂ ಐದು ಅದಾವಲ್ಲ!"

"ಇದಕ್ಕೆ ಆರು ಬೇಕು, ಅವ್ವಾ."

"ಹುಟ್ಟಿದಾಗಿಂದ ಆರ ಇದ್ವೇನು?"

ಇರಲಿಲ್ಲ. ಹಳೆಯ ಕಾಲದ ಸ್ಪೇನಿನಲ್ಲಿ ಗಿಟಾರಿಗೆ ಪ್ರಾಣಿಯ ಕರುಳಿನ ತಂತಿ ಕಟ್ಟುತ್ತಿದ್ದರು. ಮೊದಲು ನಾಲ್ಕು ಜೋಡಿ, ಆಮೇಲೆ ಐದು, ಆರನೆಯದು ಬಂದದ್ದು ಬಹಳ ತಡವಾಗಿ ಎಂದು ಹೇಳಿದೆ.

"ಹಂಗಾರ ನಿನ್ನ ಗಿಟಾರಿಗೆ ಹಳೇ ಕಾಲ ಬಂದೈತಿ, ಅಷ್ಟ. ಬಾರ್ಸು!" ಎನ್ನುತ್ತ ಏಕತಾರಿ ಮೀಟಿ ಪದ ಎತ್ತಿಕೊಂಡರು.

ಅಳುಕುತ್ತಲೇ ಜೊತೆಗೂಡಿದೆ. ಬೆರಳುಗಳು ತಡವರಿಸಿ, ಐದೇ ತಂತಿಗಳಲ್ಲಿ ಬೇರೆ ದಾರಿ ಕಂಡುಕೊಂಡವು. ಪಕ್ಕದಲ್ಲಿ ಪೇರಿಸಿಟ್ಟಿದ್ದ ಒಣಮೆಣಸಿನಕಾಯಿ ಚೀಲಗಳ ಘಾಟಿಗೆ ಇಬ್ಬರೂ ನಡುನಡುವೆ ಸೀನಿದೆವು. ಆಗಲೂ ಬಸ್ಸಿಗೆ ಕಾಯುತ್ತಿದ್ದವರು ಚಪ್ಪಾಳೆಯ ತಾಳ ತಪ್ಪಿಸಲಿಲ್ಲ. ನನಗೆ ಧೈರ್ಯ ಬಂತು.

ರಾಣೆಬೆನ್ನೂರಿನ ಬಸ್ಸು ಬಂದಾಗ ಕೇಳಿಯೇಬಿಟ್ಟೆ: "ಅವ್ವಾ, ಸಂಜೆ ಗೆಳೆಯನ ಆರತಕ್ಷತೆಯಲ್ಲಿ ನುಡಿಸ್ತಿದ್ದೀನಿ. ನೀವೂ ಮದುವೆಮನೆಗೆ ಬಂದು ಹಾಡ್ತೀರಾ?"

ಗಂಗವ್ವ ಏಕತಾರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನನಗಿಂತ ಮೊದಲೇ ಬಸ್ಸು ಹತ್ತಿದರು. ಕಿಟಕಿ ಪಕ್ಕ ಕೂತು ಕೇಳಿದರು: "ಊಟಕ್ಕ ಏನ್ ಮಾಡ್ಸ್ಯಾರ?"