ಅಣ್ಣನಿಗೆ ನೀರು ಕೊಡದ ದಿನ

ನನ್ನ ಮಗಳು ಎರಡನೇ ತರಗತಿಯಲ್ಲಿದ್ದಾಗ ಟೀಚರು ಅವಳನ್ನು ಕ್ಲಾಸ್ ಲೀಡರ್ ಮಾಡಿದರು. ತಾವು ಬರುವವರೆಗೆ ಗದ್ದಲವಾಗದಂತೆ ನೋಡಿಕೊ ಎಂದಿದ್ದರು, ಅಷ್ಟೇ. ಮೂರೇ ದಿನಕ್ಕೆ ಇವಳು ಕೈಯಲ್ಲೊಂದು ಸ್ಕೇಲು ಹಿಡಿದು ತಿರುಗತೊಡಗಿದಳು. ನಾಲ್ಕನೆಯ ದಿನ ಪಕ್ಕದ ಮನೆಯ ಗೆಳತಿಗೇ ಬಾರಿಸಿ ಬಂದಳು. ಆ ಹುಡುಗಿ ಸಂಜೆ ಆಟಕ್ಕೆ ಬರಲಿಲ್ಲ.

"ಯಾಕ ಹೊಡದಿ?" ಎಂದೆ.

"ಟೀಚರು ನಂಗ ಅಧಿಕಾರ ಕೊಟ್ಟಾರ."

"ಅಧಿಕಾರ ಅಂದ್ರ ಏನವ್ವ?"

"ನಾ ಹೇಳಿದ್ದು ಎಲ್ಲಾರೂ ಕೇಳಬೇಕು. ನಾ ಯಾರ ಮಾತೂ ಕೇಳಬೇಕಾಗಿಲ್ಲ."

ನನ್ನ ಹೆಂಡತಿ ಅಡುಗೆಮನೆಯಿಂದಲೇ ನಕ್ಕಳು. ನನಗೂ ನಗು ಬಂತು. ಬೈದರೆ, ನಾನು ದೊಡ್ಡವನು, ನೀನು ಕೇಳು ಎಂದಂತಾಗುತ್ತಿತ್ತು. ಮಗಳು ಹೇಳಿದ್ದೂ ಅದನ್ನೇ.

ನಾನು ಕಂಪ್ಲಿ ತಾಲ್ಲೂಕಿನ ಮೆಟ್ರಿಯ ಕಡೆ ಕಾಲುವೆಯ ನೀರಗಂಟಿ. ಯಾವ ಗದ್ದೆಗೆ ಯಾವ ದಿನ ನೀರು ಎಂಬ ಪಾಳಿಯ ಪಟ್ಟಿ ಇರುತ್ತದೆ. ಅದರಂತೆ ಗೇಟು ತೆಗೆಯುವುದು, ಮುಚ್ಚುವುದು ನನ್ನ ಕೆಲಸ. ಆ ಭಾನುವಾರ ಮಗಳು ಹಟ ಮಾಡಿ ನನ್ನ ಬೈಕು ಹತ್ತಿ ಬಂದಳು.

ಗೇಟಿನ ಹತ್ತಿರ ನನ್ನ ಅಣ್ಣ ಕಾಯುತ್ತಿದ್ದ. ಭತ್ತಕ್ಕೆ ಗೊಬ್ಬರ ಹಾಕಿ ನೀರಿಗಾಗಿ ಕೂತಿದ್ದ. ಆದರೆ ಅವನ ಪಾಳಿ ಮಂಗಳವಾರ. ಆ ದಿನದ ನೀರು ಕೊನೆಯ ಗದ್ದೆಯ ಮುದುಕಿಯದು.

"ಒಂದ್ ತಾಸು ಬಿಡು ಲೇ, ಸಾಕು. ಆಕಿಗೇನು ಗೊತ್ತಾಗ್ತೈತಿ?" ಎಂದ.

"ಬ್ಯಾಡಣ್ಣ. ಇವತ್ತು ಆಕಿ ಪಾಳಿ."

"ಗೇಟು ನಿನ್ನ ಕೈಯಾಗ ಐತಿ. ಒಡಹುಟ್ಟಿದಾಂವಗ ಇಲ್ಲ ಅಂತಿ?"

ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ ಮೇಲೆ ಶಾಲೆಗೆ ಬಿಟ್ಟು ಬರುತ್ತಿದ್ದವನು ಅವನು. ಅವನ ಮುಖ ನೋಡಲಾಗದೆ ಗೇಟಿನ ಚಕ್ರ ನೋಡುತ್ತ, "ಮಂಗಳವಾರ ನಾನೇ ಬಂದು ನಿಂತು ನೀರು ಬಿಡ್ತೀನಿ" ಎಂದೆ. ಅಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

"ದೊಡ್ಡಪ್ಪಗ ಯಾಕ ಕೊಡಲಿಲ್ಲ? ಗೇಟು ನಿಂದಲ್ಲೇನು?" ಎಂದಳು ಮಗಳು.

"ನಂದಲ್ಲವ್ವ. ನೀರೂ ನಂದಲ್ಲ. ಎಲ್ಲಾರಿಗೂ ಸರಿಯಾಗಿ ಮುಟ್ಟಲಿ ಅಂತ ನಂಬಿ ನನ್ನ ಕೈಯಾಗ ಕೊಟ್ಟಾರ. ಅದಕ್ಕ ಅಧಿಕಾರ ಅಂತಾರ."

"ನಿಂಗ ಬೇಕಾದಂಗ ಮಾಡಂಗಿಲ್ಲ?"

"ಮಾಡಂಗಿಲ್ಲ."

"ಹಂಗಾದ್ರ ಭಾಳ ಬ್ಯಾಸರದ ಕೆಲಸ ಬಿಡು."

ಗೇಟು ತೆಗೆದು, ಕಾಲುವೆಯ ದಂಡೆಯ ಮೇಲೆ ನೀರಿನ ಜೊತೆಗೇ ಕೊನೆಯ ಗದ್ದೆಯವರೆಗೆ ನಡೆದೆವು. ಮುದುಕಿ ಸೀರೆ ಎತ್ತಿ ಕಟ್ಟಿ, ಸಲಿಕೆ ಹಿಡಿದು ನಿಂತಿದ್ದಳು. ನೀರು ಗದ್ದೆಗೆ ನುಗ್ಗಿದ್ದೇ "ಬಂತವ್ವ, ಬಂತು!" ಎಂದು ಮಗಳಿಗೆ ಹೇಳಿದಳು, ಅವಳೇ ತಂದುಕೊಟ್ಟಳೇನೋ ಎನ್ನುವಂತೆ. ಮಗಳು ಚಪ್ಪಲಿ ಬಿಟ್ಟು ಕೆಸರಿಗಿಳಿದಳು.

ಆ ವಾರವೇ ಟೀಚರು ದಾರಿಯಲ್ಲಿ ಸಿಕ್ಕು ನಗತೊಡಗಿದರು. "ಮಾತಾಡಿದೋರ ಹೆಸರು ಬೋರ್ಡಿನ ಮ್ಯಾಲ ಬರಿ ಅಂತ ಹೇಳಿದ್ದೆರಿ. ನಿನ್ನೆ ನೋಡ್ತೀನಿ, ಮೊದಲನೇ ಹೆಸರು ನಿಮ್ಮ ಮಗಳದೇ!" ಮನೆಗೆ ಹೋಗಿ ಕೇಳಿದರೆ, "ನಾನೂ ಮಾತಾಡಿದ್ದೆ" ಎಂದಳು, ಅದರಲ್ಲಿ ಹೇಳುವಂಥದ್ದು ಏನಿದೆ ಎಂಬಂತೆ.

ಅಣ್ಣ ಮಾತ್ರ ಎರಡು ವಾರ ಮುನಿಸಿಕೊಂಡಿದ್ದ. ಮಂಗಳವಾರ ನೀರು ಬಿಟ್ಟಾಗಲೂ ಬೆನ್ನು ತಿರುಗಿಸಿಯೇ ನಿಂತಿದ್ದ. ಆಮೇಲೊಂದು ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ನಿಮ್ಮ ಅತ್ತಿಗಿ ಬೈದ್ಲು ಲೇ, ತಪ್ಪು ನಂದೇ ಐತಂತ. ಉಣ್ಣು."

ಇಬ್ಬರೂ ಬೇವಿನ ನೆರಳಿಗೆ ಕೂತೆವು. ಪುಂಡಿಪಲ್ಯ ಸಿಕ್ಕಾಪಟ್ಟೆ ಖಾರವಾಗಿತ್ತು. ಮೂಗು ಒರೆಸಿಕೊಳ್ಳುತ್ತ ಇನ್ನೊಂದು ರೊಟ್ಟಿ ಕೇಳಿದೆ.